ಅಪ್ಪ ಈಗ ಚಾಳೀಸಿಲ್ಲದೇ ಪೇಪರ್ ಓದುತ್ತಾರೆ. ಆದರೂ ಕಣ್ಣು ತೋರಿಸಬೇಕಾ?

ತಿಪಟೂರು ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. ಅಮ್ಮನ ಜೊತೆ ತಿಪಟೂರಿನಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ.

ವಿಷಯ ಏನಂದ್ರೆ, ಚಾಳೀಸು ಇಲ್ಲದೇ ಪೇಪರ್ ಮುಟ್ಟದಿದ್ದ ಮನುಷ್ಯ ಈಚೆಗೆ ಕನ್ನಡಕ ತೆಗೆದಿಟ್ಟು ಓದುತ್ತಿದ್ದಾರೆ. ಪಂಚಾಂಗದ ಸಣ್ಣ ಅಕ್ಷರ ಕೂಡ. ಮನೆಗೆ ಬಂದವರಿಗೆಲ್ಲ ಓದಿ ತೋರಿಸುತ್ತಾರೆ. ನುಗ್ಗೆಸೊಪ್ಪಿನ ಮಹಿಮೆ ಅಂತ ಅವರ ವಾದ. ಕಣ್ಣು ಪರೀಕ್ಷೆ ಮಾಡಿಸೋಣ ಅಂದ್ರೆ, "ಚೆನ್ನಾಗಿ ಕಾಣೋ ಕಣ್ಣಿಗೆ ಪರೀಕ್ಷೆ ಯಾಕಮ್ಮ, ಸುಮ್ನೆ ದುಡ್ಡು ದಂಡ" ಅಂತಾರೆ.

ಆದರೆ ರಾತ್ರಿ ಹೊತ್ತು ಸ್ಕೂಟರ್ ತೆಗೆಯುವುದನ್ನು ಬಿಟ್ಟಿದ್ದಾರೆ ಅಂತ ಅಮ್ಮ ಹೇಳಿದರು. ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯುತ್ತಂತೆ.

ಈ ವಯಸ್ಸಿನವರಿಗೆ ಎಷ್ಟು ದಿನಕ್ಕೊಮ್ಮೆ ಕಣ್ಣು ತೋರಿಸಬೇಕು? ಊರಿನ ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರ್ ಟೆಸ್ಟ್ ಉಚಿತ. ಅದು ಸಾಕಾ?

ಧಾರವಾಡದವ

ನಮ್ಮ ಕಾಕಾನೂ ಹಿಂಗ ಕನ್ನಡಕ ಬಿಟ್ಟಿದ್ದರು. ಓಣಿಗೆಲ್ಲ ಪೇಡೆ ಹಂಚೂದೊಂದ ಬಾಕಿ ಇತ್ತು. ಆಮೇಲೆ ನೋಡಿದರೆ ಪೊರೆ. ಮೊದಲು ಡಾಕ್ಟರ್‌ಗೆ ತೋರಿಸ್ರಿ ಅಕ್ಕಾರ.

ಹಾಸನದ ಆಪ್ಟೊಮೆಟ್ರಿಸ್ಟ್

ನಾನು ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ವೈದ್ಯೆ ಅಲ್ಲ, ಡಾಕ್ಟರ್ ನೋಡುವ ಮೊದಲು ಅಕ್ಷರ ಓದಿಸಿ, ನಂಬರ್ ತೆಗೆದು, ಒತ್ತಡ ಅಳೆದು ಕಳಿಸುವವಳು. ನಿಮ್ಮ ತಂದೆಯವರ ಕಣ್ಣು ನೋಡದೆ ಏನೂ ಖಚಿತವಾಗಿ ಹೇಳಲಾರೆ. ಆದರೆ ನೀವು ಬರೆದ ಎರಡೂ ಮಾತು ಜೊತೆಗಿದ್ದರೆ ನಮಗೆ ಮೊದಲು ಬರುವ ಅನುಮಾನ ಪೊರೆಯದ್ದೇ.

ಕಣ್ಣಿನೊಳಗಿನ ಮಸೂರದ ನಡುಭಾಗ ವಯಸ್ಸಾದಂತೆ ಗಟ್ಟಿಯಾಗುತ್ತಾ, ಹಳದಿಯಾಗುತ್ತಾ ಹೋಗುತ್ತದೆ. ಆಗ ಅದು ಬೆಳಕನ್ನು ಮೊದಲಿಗಿಂತ ಜಾಸ್ತಿ ಬಗ್ಗಿಸುತ್ತದೆ. ಅಂದರೆ ಕಣ್ಣಿಗೆ ಮೈನಸ್ ನಂಬರ್ ಬರುತ್ತದೆ. ಮೈನಸ್ ಇರುವವರಿಗೆ ಹತ್ತಿರದ್ದು ಕನ್ನಡಕವಿಲ್ಲದೇ ಕಾಣುತ್ತದೆ, ಅಲ್ವಾ? ಅದೇ ಇಲ್ಲಿ ಆಗುವುದು. ಹತ್ತಿರದ್ದು ಸುಧಾರಿಸಿತು ಅಂತ ಖುಷಿಪಡುವ ಹೊತ್ತಿಗೆ ದೂರದ್ದು ಮಂಜಾಗಿರುತ್ತದೆ. ಬಸ್ಸಿನ ಬೋರ್ಡು ಹತ್ತಿರ ಬರುವ ತನಕ ಓದಲಾಗುವುದಿಲ್ಲ. ಎದುರು ಗಾಡಿಯ ಲೈಟು ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಪೊರೆ ಇನ್ನಷ್ಟು ಬಲಿತ ಮೇಲೆ ಈ ಓದುವ ಸುಖವೂ ಹೋಗುತ್ತದೆ. ನುಗ್ಗೆಸೊಪ್ಪು ಒಳ್ಳೆಯದೇ, ತಿನ್ನಲಿ. ಚಾಳೀಸು ಬಿಡಿಸುವ ಶಕ್ತಿ ಅದಕ್ಕಿಲ್ಲ.

ಇನ್ನೊಂದು ಕಾರಣವೂ ಇರಬಹುದು. ರಕ್ತದಲ್ಲಿ ಸಕ್ಕರೆ ಏರಿಳಿದರೆ ಕನ್ನಡಕದ ನಂಬರೂ ಏರಿಳಿಯುತ್ತದೆ. ಹಾಗಾಗಿ ಸಕ್ಕರೆಯ ಹೊಸ ರಿಪೋರ್ಟ್ ಜೊತೆಗಿಟ್ಟುಕೊಂಡೇ ಹೋಗಿ.

ಅಂಗಡಿಯ ಕಂಪ್ಯೂಟರ್ ಟೆಸ್ಟ್ ಬಗ್ಗೆ: ಆ ಯಂತ್ರ ಹೇಳುವುದು ಕನ್ನಡಕದ ನಂಬರ್ ಮಾತ್ರ. ಅದೂ ಅಂದಾಜು, ಆಮೇಲೆ ಅಕ್ಷರ ಓದಿಸಿ ತಿದ್ದಬೇಕು. ಕಣ್ಣಿನ ಹಿಂದಿನ ರೆಟಿನಾ (ಚಿತ್ರ ಮೂಡುವ ಪದರ) ಹೇಗಿದೆ, ನರ ಹೇಗಿದೆ ಅಂತ ಅದು ನೋಡುವುದೇ ಇಲ್ಲ. ಪೂರ್ತಿ ಪರೀಕ್ಷೆ ಅಂದರೆ ದೂರ, ಹತ್ತಿರದ ಅಕ್ಷರ, ಕಣ್ಣಿನ ಒತ್ತಡ, ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ಮುಂಭಾಗ, ಆಮೇಲೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ಹಿಂಭಾಗ. ಜನ ತಪ್ಪಿಸಿಕೊಳ್ಳುವುದು ಈ ಕೊನೆಯದನ್ನೇ. "ಡ್ರಾಪ್ಸ್ ಬೇಡ ಮೇಡಂ, ಬಸ್ಸಿದೆ" ಅಂತಾರೆ. ಸಕ್ಕರೆ ಇರುವವರಿಗೆ ಅದೇ ಮುಖ್ಯ.

ಎಷ್ಟು ದಿನಕ್ಕೊಮ್ಮೆ? ತೊಂದರೆ ಏನೂ ಕಾಣದಿದ್ದರೂ 65 ದಾಟಿದವರು ವರ್ಷಕ್ಕೆ ಅಥವಾ ಎರಡು ವರ್ಷಕ್ಕೊಮ್ಮೆ ಅಂತ ಅಮೆರಿಕದ ಕಣ್ಣಿನ ವೈದ್ಯರ ಅಕಾಡೆಮಿ ಹೇಳುತ್ತದೆ. ನಮ್ಮಲ್ಲೂ ಡಾಕ್ಟರುಗಳು ಹೆಚ್ಚುಕಡಿಮೆ ಅದನ್ನೇ ಹೇಳುತ್ತಾರೆ. ಆದರೆ ಸಕ್ಕರೆ ಇದ್ದರೆ ವಯಸ್ಸು ಎಷ್ಟೇ ಇರಲಿ, ವರ್ಷಕ್ಕೊಮ್ಮೆ. ನಿಮ್ಮ ತಂದೆಯವರಂತೆ ದೊಡ್ಡವರಾದ ಮೇಲೆ ಬರುವ ಸಕ್ಕರೆಗೆ (ಟೈಪ್ 2) ಕಾಯಿಲೆ ಗೊತ್ತಾದ ವರ್ಷದಿಂದಲೇ. ರೆಟಿನಾದ ಸಣ್ಣ ರಕ್ತನಾಳಗಳು ಸೋರುತ್ತಿದ್ದರೂ ಕೊನೆಯ ಸಾಲಿನ ಅಕ್ಷರ ಸಲೀಸಾಗಿ ಓದುವವರನ್ನು ನಾನು ದಿನವೂ ನೋಡುತ್ತೇನೆ.

ಖರ್ಚು ವೆಚ್ಚ

ಎಲ್ಲ ಸರಿ ಮೇಡಂ, ಆದರೆ ನಮ್ಮ ಅತ್ತೆಗೆ ಆಗಿದ್ದು ಕೇಳಿ. ಕನ್ನಡಕದ ನಂಬರ್ ಬದಲಾಗಿದೆಯಾ ನೋಡಿಸೋಣ ಅಂತ ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಹೆಸರು ಬೇಡ. ಎರಡೂ ಕಣ್ಣಿಗೆ ಪೊರೆ, ನಾಳಿದ್ದೇ ಆಪರೇಷನ್, ದುಬಾರಿ ಲೆನ್ಸ್ ಹಾಕಿಸಿದರೆ ಕನ್ನಡಕವೇ ಬೇಡ, ಇವತ್ತೇ ಮುಂಗಡ ಕಟ್ಟಿದರೆ ರಿಯಾಯಿತಿ ಅಂದರಂತೆ. ತರಕಾರಿ ಚೌಕಾಸಿನ ಥರ. ಅತ್ತೆ ಹೆದರಿ ವಾಪಸ್ ಬಂದರು, ಆಮೇಲೆ ಯಾವ ಆಸ್ಪತ್ರೆಗೂ ಹೋಗಲಿಲ್ಲ. ಅಪ್ಪಂದಿರು ಹಿಂದೇಟು ಹಾಕುವುದು ಬರೀ ಹಟದಿಂದ ಅಲ್ಲ.

ಹಾಸನದ ಆಪ್ಟೊಮೆಟ್ರಿಸ್ಟ್

ಸರ್, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಹಾಗೆ ಅವಸರ ಮಾಡುವವರು ಇದ್ದಾರೆ.

ಪೊರೆ ಇದೆ ಅಂದ ಕೂಡಲೇ ಆಪರೇಷನ್ ಅಂತೇನಿಲ್ಲ. ದಿನದ ಕೆಲಸಕ್ಕೆ ತೊಡಕಾಗುತ್ತಿದೆಯಾ ಅನ್ನುವುದೇ ಮೊದಲ ಪ್ರಶ್ನೆ. ಓದು, ಅಡುಗೆ, ಗಾಡಿ, ಮೆಟ್ಟಿಲು ಯಾವುದಕ್ಕೂ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಕಾಯಬಹುದು. ಬೇರೆ ಡಾಕ್ಟರ ಅಭಿಪ್ರಾಯ ಕೇಳಲು ಬೇಕಾದಷ್ಟು ಸಮಯ ಇರುತ್ತದೆ. ಹಾಗಂತ "ಪೊರೆ ಹಣ್ಣಾಗಲಿ" ಅಂತ ಪೂರ್ತಿ ಕಾಣದಾಗುವ ತನಕ ಕೂರುವುದು ಹಳೇ ಕಾಲದ ಮಾತು. ಈಗ ಅಲ್ಟ್ರಾಸೌಂಡ್‌ನಿಂದ ಪೊರೆ ಪುಡಿಮಾಡಿ ಸಣ್ಣ ಗಾಯದಲ್ಲೇ ತೆಗೆಯುತ್ತಾರೆ. ತೀರಾ ಬಲಿತು ಕಲ್ಲಾದರೆ ಅದೇ ಕಷ್ಟ. (ಇದನ್ನು ಎಲ್ಲರೂ "ಲೇಸರ್ ಆಪರೇಷನ್" ಅಂತಾರೆ. ಸಾಮಾನ್ಯವಾಗಿ ಅದರಲ್ಲಿ ಲೇಸರ್ ಇರುವುದಿಲ್ಲ. ಆಪರೇಷನ್ ಆಗಿ ಎಷ್ಟೋ ದಿನದ ಮೇಲೆ ಲೆನ್ಸ್ ಹಿಂದಿನ ತೆಳು ಪದರ ಮಂಜಾದರೆ, ಅದನ್ನು ಬಿಡಿಸಲು ಬಳಸುವುದು ಲೇಸರ್.)

ದೂರ, ಹತ್ತಿರ ಎರಡನ್ನೂ ತೋರಿಸುವ ದುಬಾರಿ ಮಲ್ಟಿಫೋಕಲ್ ಲೆನ್ಸ್ ಎಲ್ಲರಿಗೂ ಹೊಂದುವುದಿಲ್ಲ. ರೆಟಿನಾ ತೊಂದರೆ ಅಥವಾ ಗ್ಲಾಕೋಮಾ (ಕಣ್ಣಿನ ನರ ಸವೆಯುವ ಕಾಯಿಲೆ) ಇದ್ದವರಿಗೆ ಸಾಮಾನ್ಯವಾಗಿ ಬೇಡ ಅಂತಲೇ ಹೇಳುತ್ತೇವೆ. ರಾತ್ರಿ ದೀಪದ ಸುತ್ತ ಬಳೆಯಂಥ ಪ್ರಭೆ ಕಾಣುವ ದೂರು ಅದರಲ್ಲಿ ಜಾಸ್ತಿ. ಸಾಧಾರಣ ಲೆನ್ಸ್ ಹಾಕಿಸಿಕೊಂಡು ಓದಲು ಒಂದು ಕನ್ನಡಕ ಇಟ್ಟುಕೊಂಡವರು ಆರಾಮಾಗಿದ್ದಾರೆ.

ಒಂದು ಮಾತು ಮಾತ್ರ ನಿಮ್ಮ ಅತ್ತೆಗೆ ಹೇಳಿ. ಆಪರೇಷನ್ ಬೇಡ ಅನ್ನಬಹುದು, ಪರೀಕ್ಷೆ ಬಿಡಬಾರದು. ಅವರನ್ನು ಹೆದರಿಸಿದ್ದು ಪೊರೆ. ಪೊರೆ ಕಾಯುತ್ತದೆ. ಕಾಯದೇ ಇರುವವು ಬೇರೆ ಇವೆ.

ನಿವೃತ್ತ ಮೇಷ್ಟ್ರು

ಆ ಕಾಯದೇ ಇರುವವುಗಳಲ್ಲಿ ಒಂದು ನನ್ನದು. ಗ್ಲಾಕೋಮಾ.

ನೌಕರಿಯಿಂದ ನಿವೃತ್ತನಾದ ಮೇಲೆ ಹೊಸ ಕನ್ನಡಕಕ್ಕೆ ಅಂತ ಹೋಗಿದ್ದೆ. ಬಲಗಣ್ಣಿನಲ್ಲಿ ಕೊನೆಯ ಸಾಲಿನವರೆಗೂ ಓದಿದೆ. ಡಾಕ್ಟರು ಹಿಂಭಾಗ ನೋಡಿ ಸುಮ್ಮನಾದರು. ಆಮೇಲೆ ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿದರು. ನೇರ ಮುಂದೆ ನೋಡುತ್ತಿರಬೇಕು, ಬದಿಯಲ್ಲಿ ಎಲ್ಲಾದರೂ ಚುಕ್ಕಿ ಮಿನುಗಿದರೆ ಗುಂಡಿ ಒತ್ತಬೇಕು. ನಾನು ಸುಮಾರು ಹೊತ್ತು ಒತ್ತಲೇ ಇಲ್ಲ. ಯಂತ್ರ ಕೆಟ್ಟಿದೆ ಅಂದುಕೊಂಡೆ. ಚುಕ್ಕಿಗಳು ಬರುತ್ತಿದ್ದವು, ನನಗೆ ಕಾಣುತ್ತಿರಲಿಲ್ಲ.

ಈ ಕಾಯಿಲೆ ಬದಿಯ ನೋಟವನ್ನು ಮೊದಲು ತಿನ್ನುತ್ತದೆ. ನಡುವಿನದು ಕೊನೆಯ ತನಕ ಉಳಿಯುತ್ತದೆ. ನೋವಿಲ್ಲ, ಕೆಂಪಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಹಾಗಾಗಿ "ಪೇಪರ್ ಓದುತ್ತೇನೆ" ಅನ್ನುವುದು ಸಾಕ್ಷಿಯೇ ಅಲ್ಲ. ಹೋದ ನೋಟ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಯಬಹುದು ಅಷ್ಟೇ. ಕಣ್ಣಿನೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಹೊರಹೋಗುವ ದಾರಿ ಕಟ್ಟಿಕೊಳ್ಳುತ್ತದೆ, ನಲ್ಲಿ ಬಿಟ್ಟು ಸಿಂಕಿನ ಜಾಲರಿ ಮುಚ್ಚಿದ ಹಾಗೆ. ಒತ್ತಡ ಏರಿ ಹಿಂದಿನ ನರ ಸವೆಯುತ್ತದೆ ಅಂತ ನಮ್ಮ ಡಾಕ್ಟರು ವಿವರಿಸಿದರು.

ನನ್ನ ತಮ್ಮಂದಿರಿಗೂ ತಂಗಿಗೂ ಫೋನ್ ಮಾಡಿ ಪರೀಕ್ಷೆ ಮಾಡಿಸಿದೆ. ಇದು ರಕ್ತಸಂಬಂಧದಲ್ಲಿ ಬರುವುದು ಜಾಸ್ತಿ. ಒಬ್ಬ ತಮ್ಮನಿಗೆ ಶುರುವಿನಲ್ಲೇ ಸಿಕ್ಕಿತು.

ಹಾಸನದ ಆಪ್ಟೊಮೆಟ್ರಿಸ್ಟ್

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಕಣ್ಣಿನ ಒತ್ತಡ 10ರಿಂದ 21 ಮಿ.ಮೀ. ಪಾದರಸದೊಳಗೆ ಇದ್ದರೆ ಸಾಮಾನ್ಯ ಅಂತಾರೆ. ಆದರೆ ಒತ್ತಡ ಆ ಮಿತಿಯೊಳಗೇ ಇದ್ದೂ ನರ ಸವೆಯುವವರಿದ್ದಾರೆ. ಆದ್ದರಿಂದ ಒತ್ತಡ ಅಳೆಸಿದೆ, ಸರಿ ಇದೆ ಅಂತ ಎದ್ದು ಬರಬೇಡಿ. ನರವನ್ನೂ ನೋಡಿಸಿ.

ಇನ್ನೊಂದು, ಮೆಡಿಕಲ್ ಶಾಪ್‌ನಲ್ಲಿ "ಕಣ್ಣು ಕೆಂಪಗಾಗಿದೆ, ಉರಿ" ಅಂತ ಹೇಳಿ ತಂದು ತಿಂಗಳುಗಟ್ಟಲೆ ಹಾಕುವ ಡ್ರಾಪ್ಸ್. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಒತ್ತಡವೂ ಏರಬಹುದು, ಪೊರೆಯೂ ಬೇಗ ಬರಬಹುದು. ನಂದಿಬಟ್ಟಲು ಹೂವಿನ ರಸ, ಜೇನು, ಎದೆಹಾಲು ಹಾಕುವವರೂ ಇದ್ದಾರೆ. ಹೂವು ದೇವರಿಗಿರಲಿ. ಕಣ್ಣಿಗೆ ಸೋಂಕಾಗಿ ಬಂದವರನ್ನು ನೋಡಿ ನೋಡಿ ಸಾಕಾಗಿದೆ.

ಕರಾವಳಿ ಅಕ್ಕ

ಬೇರೆ ಥರದ್ದೊಂದು ಹೇಳುತ್ತೇನೆ. ಇದು ಎಷ್ಟೋ ಮನೆಗಳಲ್ಲಿ ನಡೆದಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ.

ನಮ್ಮ ಅಜ್ಜಿಗೆ ಎಂಬತ್ತರ ಮೇಲೆ. ಕಣ್ಣು ಮಂಜು ಅಂತ ಎಲ್ಲರಿಗೂ ಗೊತ್ತಿತ್ತು, ವಯಸ್ಸಾಯಿತು ಅಂತ ಬಿಟ್ಟಿದ್ದೆವು. ಒಂದು ಮಳೆಗಾಲ, ಸಂಜೆ ಹೊತ್ತು, ಜಗಲಿಯಲ್ಲಿ ಸಣ್ಣ ಮಕ್ಕಳು ಸಾಲಾಗಿ ಕೂತಿದ್ದಾರೆ ಅನ್ನತೊಡಗಿದರು. ಬಣ್ಣದ ಅಂಗಿ ಹಾಕಿದ್ದಾರೆ, ಮಾತಾಡುವುದಿಲ್ಲ, ಸುಮ್ಮನೆ ನೋಡುತ್ತಾರೆ. ಕೆಲವು ದಿನ ಗೋಡೆಯ ತುಂಬ ಹೂಬಳ್ಳಿ. ಅಜ್ಜಿಗೆ ಹೆದರಿಕೆ ಇರಲಿಲ್ಲ. "ಯಾರ ಮನೆ ಮಕ್ಕಳು, ಒಂದು ಚೂರು ಬೆಲ್ಲ ಕೊಡಿ" ಅನ್ನುತ್ತಿದ್ದರು. ಹೆದರಿದ್ದು ನಾವು. ಭಟ್ರನ್ನು ಕರೆಸಿದೆವು, ಪ್ರಶ್ನೆ ಇಡಿಸಿದೆವು. ಮರೆವಿನ ಕಾಯಿಲೆ ಇರಬಹುದು ಅಂತ ಯಾರೋ ಹೇಳಿದ ಮೇಲೆ ನರರೋಗದ ಡಾಕ್ಟರ ಹತ್ತಿರ ಹೋದೆವು. ಅವರು ಅಜ್ಜಿಯ ಜೊತೆ ಲೆಕ್ಕ, ತಾರೀಕು, ಮೊಮ್ಮಕ್ಕಳ ಹೆಸರು ಎಲ್ಲ ಮಾತಾಡಿ, "ಬುದ್ಧಿ ನಿಮಗಿಂತ ಚುರುಕಿದೆ, ಕಣ್ಣು ತೋರಿಸಿದ್ದೀರಾ?" ಅಂತ ಕೇಳಿದರು.

ರೆಟಿನಾದ ನಡುಭಾಗ, ಮ್ಯಾಕುಲಾ ಅಂತಾರಲ್ಲ, ಅದು ಎರಡೂ ಕಣ್ಣಿನಲ್ಲಿ ಸವೆದಿತ್ತು. ಜೊತೆಗೆ ಪೊರೆ. ಕಣ್ಣಿನಿಂದ ಬರುವ ಚಿತ್ರ ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಕಟ್ಟಿಕೊಳ್ಳುತ್ತದಂತೆ. ಇದಕ್ಕೆ ಶಾರ್ಲ್ ಬೊನೆ ಸಿಂಡ್ರೋಮ್ ಅಂತ ಹೆಸರು. ಜಿನೀವಾದ ಶಾರ್ಲ್ ಬೊನೆ 1760ರಲ್ಲೇ ಬರೆದಿಟ್ಟಿದ್ದಾರೆ. ಅವರ ಅಜ್ಜನಿಗೂ ಕಣ್ಣು ಮಂಜಾದ ಮೇಲೆ ಇಲ್ಲದ ಜನ, ಹಕ್ಕಿ, ಕಟ್ಟಡ ಎಲ್ಲ ಕಾಣುತ್ತಿತ್ತಂತೆ. ಬುದ್ಧಿ ಸ್ವಚ್ಛ ಇತ್ತು.

ಪೊರೆ ತೆಗೆಸಿದ ಮೇಲೆ ಬೆಳಕು ಸ್ವಲ್ಪ ಜಾಸ್ತಿ ಬಂತು, ಮಕ್ಕಳು ಅಪರೂಪವಾದರು. ಮ್ಯಾಕುಲಾ ಸರಿಹೋಗಲಿಲ್ಲ. ಮೊದಲೇ ತೋರಿಸಿದ್ದರೆ ಅನ್ನುವ ಮಾತು ನಮ್ಮ ಮನೆಯಲ್ಲಿ ಈಗಲೂ ಬರುತ್ತದೆ. ನಿಮ್ಮ ಮನೆಯ ಹಿರಿಯರು ಇಲ್ಲದ್ದು ಕಾಣುತ್ತದೆ ಅಂದರೆ ಬೈಯಬೇಡಿ. ಅವರಾಗಿ ಹೇಳಲಿಕ್ಕಿಲ್ಲ, ಹುಚ್ಚು ಅಂತಾರೆ ಅನ್ನುವ ಭಯ ಇರುತ್ತದೆ. ನೀವೇ ಮೆಲ್ಲಗೆ ಕೇಳಿ.

ಧಾರವಾಡದವ

ಅಕ್ಕಾರ, ಓದಿ ಮೈ ಜುಮ್ಮಂತು. ನಮ್ಮ ಓಣಿಯೊಳಗ ಒಬ್ಬ ಆಯಿಗೆ ಗಾಳಿ ಸೋಕೇದ ಅಂತ ತಾಯತ ಕಟ್ಟಿಸ್ಯಾರ. ಅವರ ಮಗನಿಗೆ ಇದನ್ನ ತೋರಸ್ತೀನಿ.

ಲೀಡ್ಸ್ ಕನ್ನಡಿಗ

ಇಂಗ್ಲೆಂಡಿನಲ್ಲಿ 60 ದಾಟಿದವರಿಗೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ಕಣ್ಣಿನ ಪರೀಕ್ಷೆ ಉಚಿತ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇದ್ದರೆ 40ಕ್ಕೇ ಉಚಿತ. ಪಕ್ಕದ ಬೀದಿಯ ಕನ್ನಡಕದ ಅಂಗಡಿಯಲ್ಲೇ ಆಪ್ಟೊಮೆಟ್ರಿಸ್ಟ್ ಕಣ್ಣಿನ ಹಿಂಭಾಗವನ್ನೂ ನೋಡಿ, ಅನುಮಾನ ಬಂದರೆ ಆಸ್ಪತ್ರೆಗೆ ಕಳಿಸುತ್ತಾರೆ. ಗಡುವು ಬಂದಾಗ ಅವರೇ ನೆನಪು ಮಾಡುತ್ತಾರೆ. ಊರಿನಲ್ಲಿರುವ ನನ್ನ ಅಪ್ಪನಿಗೆ ನೆನಪು ಮಾಡುವವನು ನಾನೊಬ್ಬನೇ.

ಹಾವೇರಿ ಹುಡುಗಿ

ನಮ್ಮಲ್ಲೂ ಏನೂ ಇಲ್ಲ ಅಂತಿಲ್ಲ. ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಪೊರೆ ಆಪರೇಷನ್ ಉಚಿತ. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಕಣ್ಣು ತಪಾಸಣೆ ಮಾಡಿದರು. ಬೇಕಾದವರಿಗೆ ಕನ್ನಡಕ ಉಚಿತವಾಗಿ ಕೊಟ್ಟರು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರ ವಿಭಾಗದವರು ಯಾವ ದಿನ ಇರುತ್ತಾರೆ ಅಂತ ಮೊದಲು ವಿಚಾರಿಸಿ. ಬೆಂಗಳೂರಿಗೇ ಕರೆದುಕೊಂಡು ಹೋಗಬೇಕು ಅಂತೇನಿಲ್ಲ. ಬೆಂಗಳೂರಾದರೆ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ, ಸರ್ಕಾರದ್ದೇ.

ನಿವೃತ್ತ ಮೇಷ್ಟ್ರು

ಉಚಿತ ಆಪರೇಷನ್ ಮಾತು ಬಂತು, ಹಾಗಾಗಿ ಹೇಳುತ್ತೇನೆ. ನಮ್ಮ ಪೀಳಿಗೆಗೆ ಕಣ್ಣಿನ ಡಾಕ್ಟರು ಅಂದರೆ ಡಾ. ಎಂ. ಸಿ. ಮೋದಿ. ಊರೂರಿಗೆ ಹೋಗಿ ಶಿಬಿರದಲ್ಲಿ ಒಂದೇ ದಿನಕ್ಕೆ ನೂರಾರು ಜನರ ಪೊರೆ ತೆಗೆಯುತ್ತಿದ್ದರು. ಆಗ ಒಳಗೆ ಲೆನ್ಸ್ ಹಾಕುವ ರೂಢಿ ಇರಲಿಲ್ಲ, ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಕತ್ತಲಲ್ಲಿದ್ದವರಿಗೆ ಅದೇ ದೊಡ್ಡದು. ಆ ಋಣ ತೀರಿಸಲಾಗದ್ದು.

ಆದರೆ ಅದರಿಂದ ನಮ್ಮ ಜನರ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ ಅಂತ ನನಗನಿಸುತ್ತದೆ. ವಯಸ್ಸಾದವರ ಕಣ್ಣಿನ ಕಾಯಿಲೆ ಅಂದರೆ ಪೊರೆ, ಪೊರೆ ಅಂದರೆ ಕಾಣದಾದ ಮೇಲೆ ಶಿಬಿರ. ಕಾಣುವಾಗಲೇ ಡಾಕ್ಟರ ಹತ್ತಿರ ಹೋಗುವುದು ಅನ್ನುವುದಕ್ಕೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ.

ಖರ್ಚು ವೆಚ್ಚ

ಇನ್ನೊಂದು ತಮಾಷೆ. 40 ದಾಟಿದವರು ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಫಾರ್ಮ್ 1ಎ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ದೃಷ್ಟಿಯ ಕಾಲಮ್ಮೂ ಇದೆ. ನನಗೆ ಸಹಿ ಹಾಕಿಕೊಟ್ಟವರು ನನ್ನ ಮುಖ ನೋಡಿದ್ದರೆ ಹೆಚ್ಚು, ಕಣ್ಣು ದೂರದ ಮಾತು.

ತಿಪಟೂರು ಮಗಳು

ಇಷ್ಟೆಲ್ಲ ಬರೆದಿದ್ದೀರಿ, ತುಂಬಾ ಧನ್ಯವಾದ. ಅಪ್ಪನನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಯಾರಿಗಾದರೂ ಉಪಾಯ ಗೊತ್ತಾ?

ಹಾಸನದ ಆಪ್ಟೊಮೆಟ್ರಿಸ್ಟ್

ವಾದ ಮಾಡಬೇಡಿ. ಗೋಡೆಯ ಕ್ಯಾಲೆಂಡರ್ ಎದುರು, ಕೋಣೆಯ ಆ ಕೊನೆಯಲ್ಲಿ ಕೂರಿಸಿ. ಅಂಗೈಯಿಂದ ಒಂದೊಂದೇ ಕಣ್ಣು ಮುಚ್ಚಿಸಿ ತಾರೀಕು ಓದಿಸಿ. ಮೊದಲು ನೀವು ಓದಿ, ಆಮೇಲೆ ಅಮ್ಮ, ಆಮೇಲೆ ಅವರು. ಎರಡು ಕಣ್ಣಿಗೆ ವ್ಯತ್ಯಾಸ ಕಂಡರೆ ಅವರೇ ದಂಗಾಗುತ್ತಾರೆ. ಕಿಟಕಿಯ ಸರಳು, ಬಾಗಿಲಿನ ಚೌಕಟ್ಟು ನೋಡಿಸಿ. ನೆಟ್ಟಗಿರುವ ಗೆರೆ ಸೊಟ್ಟಗೆ, ಅಲೆಅಲೆಯಾಗಿ ಕಂಡರೆ ಮ್ಯಾಕುಲಾ ತೊಂದರೆ ಇರಬಹುದು, ತಡಮಾಡಬೇಡಿ. ಆದರೆ ಇದೆಲ್ಲ ಅವರನ್ನು ಒಪ್ಪಿಸಲು ಮಾತ್ರ. ಎಲ್ಲ ಸರಿಯಾಗಿ ಓದಿದರೂ ಗ್ಲಾಕೋಮಾ ಇಲ್ಲ, ರೆಟಿನಾ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಕೆಲವಕ್ಕೆ ಅಪಾಯಿಂಟ್‌ಮೆಂಟ್ ಕಾಯಲೇಬಾರದು, ಅದೇ ದಿನ ಓಡಬೇಕು. ಒಂದು ಕಣ್ಣು ಇದ್ದಕ್ಕಿದ್ದಂತೆ ಕಾಣದಾಗುವುದು, ಮಿಂಚು ಮಿಂಚಾಗಿ ಕಪ್ಪು ಚುಕ್ಕಿಗಳ ಮಳೆ ಸುರಿದಂತಾಗುವುದು, ನೋಟದ ಒಂದು ಬದಿಗೆ ಪರದೆ ಬಿದ್ದಂತಾಗುವುದು. ಇನ್ನೊಂದು, ಕಣ್ಣು ಕೆಂಪಾಗಿ ಸಿಕ್ಕಾಪಟ್ಟೆ ನೋವು, ಜೊತೆಗೆ ತಲೆನೋವು, ವಾಂತಿ. ಇದನ್ನು ಪಿತ್ತ, ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಗ್ಲಾಕೋಮಾದಲ್ಲೇ ಒಂದು ಬಗೆ ಹೀಗೆ ದಿಢೀರ್ ಬರುತ್ತದೆ.

ತಿಪಟೂರು ಮಗಳು

ಕ್ಯಾಲೆಂಡರ್ ಉಪಾಯ ಕೆಲಸ ಮಾಡಿತು! ಎಡಗಣ್ಣಿನಲ್ಲಿ ದೊಡ್ಡ ಅಂಕಿಯೂ ಸರಿಯಾಗಿ ಕಾಣಲಿಲ್ಲ. ಮೊದಲು ಕ್ಯಾಲೆಂಡರ್ ಪ್ರಿಂಟ್ ಸರಿ ಇಲ್ಲ ಅಂದರು. ಸಂಜೆ ಅವರಾಗಿಯೇ "ಯಾವಾಗ ಹೋಗೋಣ" ಅಂತ ಕೇಳಿದರು. ಮುಂದಿನ ವಾರ ಕರೆದುಕೊಂಡು ಹೋಗುತ್ತೇನೆ. ಏನೇನು ತೆಗೆದುಕೊಂಡು ಹೋಗಬೇಕು? ಅವರಿಗೆ ಮೂತ್ರದ ತೊಂದರೆಗೂ ರಾತ್ರಿ ಒಂದು ಮಾತ್ರೆ ಇದೆ, ಟ್ಯಾಮ್ಸುಲೋಸಿನ್ ಅಂತ. ಅದಕ್ಕೂ ಕಣ್ಣಿಗೂ ಸಂಬಂಧ ಇರಲಿಕ್ಕಿಲ್ಲ ಅಲ್ವಾ?

ಹಾಸನದ ಆಪ್ಟೊಮೆಟ್ರಿಸ್ಟ್

ಒಳ್ಳೇದಾಯಿತು ಕೇಳಿದ್ದು. ಸಂಬಂಧ ಇದೆ. ಪ್ರಾಸ್ಟೇಟ್‌ಗೆ ಕೊಡುವ ಆ ಮಾತ್ರೆ ತೆಗೆದುಕೊಳ್ಳುವವರಿಗೆ ಪೊರೆ ಆಪರೇಷನ್ ಹೊತ್ತಿನಲ್ಲಿ ಪಾಪೆಯ ಸುತ್ತಲಿನ ಪರದೆ ಸಡಿಲವಾಗಿ, ಪಾಪೆ ಕಿರಿದಾಗುವ ಸಂಭವ ಇದೆ. ಮೊದಲೇ ಗೊತ್ತಿದ್ದರೆ ಸರ್ಜನ್ ಅದಕ್ಕೆ ಸಿದ್ಧವಾಗಿರುತ್ತಾರೆ, ಗೊತ್ತಿಲ್ಲದಿದ್ದರೆ ಕಷ್ಟ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದರೂ ಆ ಪರಿಣಾಮ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ಹೇಳಿದರೆ ಸಾಕು. ಎಲ್ಲ ಮಾತ್ರೆಗಳ ಚೀಟಿ, ಹಳೇ ಕನ್ನಡಕ, ಸಕ್ಕರೆಯ ರಿಪೋರ್ಟ್ ಒಂದೇ ಚೀಲದಲ್ಲಿಡಿ. ಕೀಲುನೋವಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ತೆಗೆದುಕೊಳ್ಳುವವರೂ ಹೇಳಬೇಕು, ಆ ಮಾತ್ರೆ ವರ್ಷಗಟ್ಟಲೆ ನಡೆದರೆ ರೆಟಿನಾ ನೋಡಿಸುತ್ತಿರಬೇಕು.

ಡ್ರಾಪ್ಸ್ ಹಾಕಿದ ಮೇಲೆ ನಾಲ್ಕಾರು ಗಂಟೆ ಮಬ್ಬಾಗಿರುತ್ತದೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಸ್ಕೂಟರ್ ಬೇಡ. ಕಪ್ಪು ಕನ್ನಡಕ ಅಥವಾ ಒಂದು ಕೊಡೆ ಇರಲಿ. ಹೊಸದಾಗಿ ಪ್ರೋಗ್ರೆಸಿವ್ ಕನ್ನಡಕ ಬರೆದುಕೊಟ್ಟರೆ ಮೆಟ್ಟಿಲು ಇಳಿಯುವಾಗ ಹುಷಾರು. ಕೆಳಭಾಗ ಓದಲು ಇರುವುದರಿಂದ ಮೆಟ್ಟಿಲು ಮಸುಕಾಗಿ ಕಾಣುತ್ತದೆ, ಹಿರಿಯರು ಬೀಳುವುದು ಅಲ್ಲೇ.

ಧಾರವಾಡದವ

ಮೇಷ್ಟ್ರ, ಒಂದು ಸಣ್ಣ ಪ್ರಶ್ನೆ. ನಮ್ಮ ಕಾಕಾಗ ಪೊರೆ ಜೊತೆ ಗ್ಲಾಕೋಮಾನೂ ಐತಿ ಅಂತ ಎರಡು ಡ್ರಾಪ್ಸ್ ಬರದಾರ. ಅರ್ಧ ಗಲ್ಲದ ಮ್ಯಾಲೆ ಇಳೀತದ. ನೀವು ಹೆಂಗ ಹಾಕ್ಕೋತೀರಿ?

ನಿವೃತ್ತ ಮೇಷ್ಟ್ರು

ಮಲಗಿಕೊಂಡು ಹಾಕಿಸಿಕೊಳ್ಳಲಿ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದರೆ ಚೀಲದಂತಾಗುತ್ತದೆ, ಒಂದು ಹನಿ ಅದರೊಳಗೆ. ಒಂದೇ ಸಾಕು, ಎರಡು ಹಾಕಿದರೆ ಎರಡನೆಯದು ಗಲ್ಲಕ್ಕೇ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಲಿ, ಇಲ್ಲದಿದ್ದರೆ ಔಷಧಿ ಗಂಟಲಿಗೆ ಇಳಿದು ಕಹಿ ಆಗುತ್ತದೆ. ಎರಡನೇ ಡ್ರಾಪ್ಸ್‌ಗೆ ಐದು ನಿಮಿಷ ಬಿಡಿ. ಬಾಟಲಿಯ ಮೇಲೆ ಟಿಮೊಲೋಲ್ ಅಂತ ಇದೆಯಾ ನೋಡಿ. ಕಾಕಾಗೆ ಉಬ್ಬಸ ಇದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ, ಅದು ಉಸಿರಾಟಕ್ಕೆ ತೊಂದರೆ ಮಾಡಬಹುದು.

ಧಾರವಾಡದವ

ಉಬ್ಬಸ ಐತ್ರಿ. ಈಗ ಫೋನ್ ಮಾಡ್ತೀನಿ.